ವಾಗ್ದಾನ ವಚನ ಸಿಕ್ಕಿತು, ಕಷ್ಟ ತೀರಲಿಲ್ಲ: ನನ್ನ ನಂಬಿಕೆ ಕಡಿಮೆಯೇ?

ಪ್ರಶ್ನೆ: ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಕಾರ್ಡಿನಲ್ಲಿ ನನಗೆ ಯೆರೆಮೀಯ 29:11 ಬಂತು, ಹಿತದ ಆಲೋಚನೆಗಳ ವಚನ. ವರ್ಷ ಮುಗಿಯುತ್ತಾ ಬಂದರೂ ಸಾಲ ತೀರಲಿಲ್ಲ, ಮಗನಿಗೆ ಕೆಲಸವೂ ಸಿಗಲಿಲ್ಲ. ನಾನು ಸರಿಯಾಗಿ ನಂಬಲಿಲ್ಲವೇ?

ಸಹೋದರಿ, ನಿಮ್ಮ ನಂಬಿಕೆಯಲ್ಲಿ ಕೊರತೆಯಿಲ್ಲ. ವರ್ಷದ ಕೊನೆಯಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ, ನನ್ನ ಉತ್ತರವೂ ಪ್ರತಿ ಸಲ ಅದೇ: ದಯವಿಟ್ಟು 10ನೇ ವಚನದಿಂದ ಓದಿ. ಬಾಬೆಲಿನ ಸೆರೆಯಿಂದ ಮರಳುವುದು ಎಪ್ಪತ್ತು ವರ್ಷ ತುಂಬಿದ ಮೇಲೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಕಾರ್ಡಿನಲ್ಲಿ ಅಚ್ಚಾಗುವುದು ಮಾತ್ರ 11.

ನಂಬಿಕೆ ಗಟ್ಟಿಯಾಗಿದ್ದರೆ ಕಷ್ಟ ಬೇಗ ತೀರುತ್ತದೆ ಎಂಬ ಮಾತನ್ನು ಎಷ್ಟು ಸಲ ಅಲ್ಲಗಳೆದರೂ ಮತ್ತೆ ಚಿಗುರುತ್ತದೆ. ಇದೇ ಪುಸ್ತಕದಲ್ಲಿ ಕಷ್ಟ ಬೇಗ ತೀರುತ್ತದೆ ಎಂದು ಗಡುವು ಕೊಟ್ಟವನೊಬ್ಬನಿದ್ದಾನೆ, ಪ್ರವಾದಿ ಹನನ್ಯ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆಹೂದದ ರಾಜ ಯೆಕೊನ್ಯನನ್ನು, ಅವನ ತಾಯಿಯನ್ನು, ಅಧಿಕಾರಿಗಳನ್ನು, ಕಮ್ಮಾರರನ್ನು ಬಾಬೆಲಿಗೆ ಸೆರೆ ಒಯ್ದಿದ್ದ. ಕೆಲವು ವರ್ಷಗಳ ಮೇಲೆ ಹನನ್ಯ ಯೆರೂಸಲೇಮಿನ ದೇವಾಲಯದಲ್ಲಿ, ಯಾಜಕರೂ ಜನರೂ ನೋಡುತ್ತಿದ್ದಂತೆ, ಬಾಬೆಲಿಗೆ ತಲೆಬಾಗಬೇಕೆಂಬುದರ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ತೆಗೆದು ಮುರಿದುಹಾಕಿದ. ಎರಡೇ ವರ್ಷ, ಯೆಕೊನ್ಯನೂ ಸೆರೆಹೋದವರೆಲ್ಲರೂ ಮರಳಿ ಬರುತ್ತಾರೆ ಎಂದ.

ಯೆರೆಮೀಯನ ಮೊದಲ ಮಾತು ಗಮನಿಸಿ: "ಆಮೆನ್, ಯೆಹೋವನು ಹಾಗೆಯೇ ಮಾಡಲಿ!" ಅವನಿಗೂ ಅದೇ ಬೇಕಿತ್ತು. ಕಷ್ಟ ಬೇಗ ಮುಗಿಯಲೆಂದು ಬಯಸುವುದರಲ್ಲಿ ಪಾಪವಿಲ್ಲ. ಆದರೆ ದೇವರು ಕೊಡದ ಗಡುವನ್ನು ದೇವರ ಹೆಸರಿನಲ್ಲಿ ಕೊಟ್ಟದ್ದು ಹನನ್ಯನ ತಪ್ಪು. ಮರದ ನೊಗ ಮುರಿದೆ, ಅದರ ಜಾಗಕ್ಕೆ ಕಬ್ಬಿಣದ ನೊಗ ಬರುತ್ತದೆ ಎಂಬ ಉತ್ತರ ಅವನಿಗೆ ಸಿಕ್ಕಿತು.

ಆ ಎರಡು ವರ್ಷ ಏನಾಯಿತು? ನೆಬೂಕದ್ನೆಚ್ಚರನ ಅರಮನೆಯ ಅವಶೇಷಗಳಲ್ಲಿ ಪಡಿ ಲೆಕ್ಕದ ಮಣ್ಣಿನ ಫಲಕಗಳು ಸಿಕ್ಕಿವೆ. ಕ್ರಿ.ಪೂ. 592ರ ಫಲಕದಲ್ಲಿ ಯೆಹೂದದ ರಾಜನಿಗೂ ಅವನ ಮಕ್ಕಳಿಗೂ ಎಣ್ಣೆ ಅಳೆದುಕೊಟ್ಟ ಲೆಕ್ಕವಿದೆ. ಹನನ್ಯನ ಗಡುವು ಹೆಚ್ಚುಕಡಿಮೆ ಮುಗಿಯುವ ಹೊತ್ತಿಗೆ ಯೆಕೊನ್ಯ ಬಾಬೆಲಿನಲ್ಲೇ ಪಡಿ ಪಡೆಯುತ್ತಿದ್ದ. ಸೆರೆಮನೆಯಿಂದ ಬಿಡುಗಡೆಯಾದದ್ದು ಸೆರೆಹೋದ 37ನೇ ವರ್ಷದಲ್ಲಿ. ಆಮೇಲೂ ಸಾಯುವ ತನಕ ಊಟ ಮಾಡಿದ್ದು ಬಾಬೆಲಿನ ಅರಸನ ಪಂಕ್ತಿಯಲ್ಲೇ. ಅಷ್ಟರಲ್ಲಿ, 586ರಲ್ಲಿ, ದೇವಾಲಯವೂ ಸುಟ್ಟುಹೋಗಿತ್ತು.

ನಿಮಗೆ ಬಂದ ವಚನ ಆ ಸೆರೆಯವರಿಗೇ ಯೆರೆಮೀಯ ಬರೆದು ಕಳುಹಿಸಿದ ಪತ್ರದ್ದು. ಅದನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಅಲ್ಲೇ ಮಣ್ಣಾದರು. ಹಾಗೆಂದು ವಾಗ್ದಾನ ಸುಳ್ಳಾಯಿತೇ? ಇಲ್ಲ, ಅದು ಅವರ ಆಯಸ್ಸಿಗಿಂತ ಉದ್ದವಿತ್ತು. ಅಲ್ಲಿಯವರೆಗೆ ಏನು ಮಾಡಬೇಕೆಂದೂ ಪತ್ರದಲ್ಲಿದೆ: ಮನೆ ಕಟ್ಟಿರಿ, ತೋಟ ಮಾಡಿ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಹಿಡಿದ ಆ ಪಟ್ಟಣಕ್ಕಾಗಿಯೇ ಪ್ರಾರ್ಥಿಸಿರಿ. ಅವರು ಹಾಗೆ ಬದುಕಿದ್ದಕ್ಕೂ ಗುರುತುಗಳಿವೆ. ಬಾಬೆಲ್ ಸೀಮೆಯಲ್ಲಿ ಯೆಹೂದ್ಯರು ನೆಲೆಸಿದ್ದ ಅಲ್‌-ಯಾಹೂದು ಎಂಬ ಊರಿನ ಫಲಕಗಳಲ್ಲಿ ಬಾರ್ಲಿ, ಗೇಣಿ, ಸಾಲದ ಲೆಕ್ಕಗಳಿವೆ. ಆ ಲೆಕ್ಕಗಳಲ್ಲೇ ಯೆಹೋವನ ನಾಮ ಸೇರಿದ ಹೆಸರುಗಳೂ ಇವೆ. ಸಾಲ ಅವರಿಗೂ ಇತ್ತು, ಸಹೋದರಿ. ನೀವು ತಿಂಗಳು ತಿಂಗಳು ಕಂತು ಕಟ್ಟುತ್ತಾ ಪ್ರಾರ್ಥಿಸುತ್ತಿದ್ದರೆ ಆ ಪತ್ರಕ್ಕೆ ವಿಧೇಯರಾಗಿದ್ದೀರಿ.

ಸೆರೆಯಿಂದ ಮರಳಿದ ಮೇಲಾದರೂ ಎಲ್ಲ ಸರಿಹೋಯಿತೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಪಾರಸಿಯ ಅರಸ ಕೋರೆಷ 539ರಲ್ಲಿ ಬಾಬೆಲನ್ನು ಗೆದ್ದು, ಮರುವರ್ಷ ಯೆಹೂದ್ಯರಿಗೆ ಹೋಗಲು ಅಪ್ಪಣೆ ಕೊಟ್ಟ. ಎಜ್ರನ ಪುಸ್ತಕದ ಪಟ್ಟಿಯಲ್ಲಿ ಮರಳಿದವರ ಮೊತ್ತ 42,360. ದೇವಾಲಯಕ್ಕೆ ಅಸ್ತಿವಾರ ಹಾಕಿದ ದಿನ ಹಳೆಯ ಆಲಯವನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಹರ್ಷದಿಂದ ಕೂಗಿದರು. ಯಾವುದು ಅಳು, ಯಾವುದು ಹರ್ಷ ಎಂದು ತಿಳಿಯಲಿಲ್ಲವಂತೆ. ವಿರೋಧ ಬಂದು ಕೆಲಸ ನಿಂತೇ ಹೋಯಿತು. 520ರಲ್ಲಿ ಪ್ರವಾದಿ ಹಗ್ಗಾಯ ಗದರಿಸಿದ ಮೇಲೆ ಮತ್ತೆ ಕೈಹಚ್ಚಿ, 515ರಲ್ಲಿ ಮುಗಿಸಿದರು.

ಇನ್ನು, ಹೊರಡದೆ ಉಳಿದವರೂ ಬಹಳ ಜನ. ಅವರನ್ನು ಅವಿಶ್ವಾಸಿಗಳೆನ್ನುವ ಮುನ್ನ ನೆಹೆಮೀಯನನ್ನು ನೆನೆಯಿರಿ. ಅವನು ಪಾರಸಿಯ ಅರಮನೆಯಿದ್ದ ಶೂಷನಿನಲ್ಲಿ ಅರಸನಿಗೆ ದ್ರಾಕ್ಷಾರಸ ಕೊಡುವವನಾಗಿದ್ದ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂದು ಕೇಳಿ ಅತ್ತ, ಉಪವಾಸ ಮಾಡಿದ. ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳವರೆಗೆ, ಸುಮಾರು ನಾಲ್ಕು ತಿಂಗಳು, ಕಾದು, 445ರಲ್ಲಿ ಅರಸನ ಮುಂದೆ ಬಾಯಿಬಿಟ್ಟ. ರಜೆ ಕೇಳಿದ, ದಾರಿಗೆ ರಹದಾರಿ ಪತ್ರ ಕೇಳಿದ, ತೊಲೆಗಳಿಗಾಗಿ ಅರಸನ ವನಪಾಲಕ ಆಸಾಫನಿಗೂ ಒಂದು ಪತ್ರ ಬರೆಸಿಕೊಂಡ. ನಿಮ್ಮ ಮಗನೂ ಕೆಲಸಕ್ಕಾಗಿ ಪರಿಚಯದವರನ್ನು ಕೇಳಲಿ, ಸಂಕೋಚ ಬೇಡ.