ಟ್ರ್ಯಾಕ್ಟರ್ ಮೇಲಿನ ತಮಾಷೆ ಪದ ಎಲ್ಲಿಂದ ಬಂತು?

ಕೊಪ್ಪಳ, ರಾಯಚೂರು ಕಡೆ ಮದುವೆ ಮೆರವಣಿಗೆಯಲ್ಲಿ ಮದುಮಗನಿಗಿಂತ ಮೊದಲು ಕಾಣುವುದು ಟ್ರ್ಯಾಕ್ಟರ್ ಟ್ರ್ಯಾಲಿಯಲ್ಲಿ ಪೇರಿಸಿದ ಸೌಂಡ್ ಬಾಕ್ಸ್. ಅತ್ತೆ ಮಗಳು, ಫೋನ್ ಎತ್ತದ ಹುಡುಗಿ, ಸಾಲದ ಬೈಕು, ಎಲ್ಲದರ ಮೇಲೂ ಒಂದೊಂದು ತಮಾಷೆ ಪದ, ಅಂದರೆ ಹಾಡು. ಹುಡುಗರು ಇದನ್ನು 'ಜಾನಪದ' ಅನ್ನುತ್ತಾರೆ. ಕಟ್ಟೆ ಮೇಲೆ ಕೂತ ಹಿರಿಯರು ಮುಖ ಸಿಂಡರಿಸುತ್ತಾರೆ.

ನಗಿಸುವ ಪದ ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ದೊಡ್ಡಾಟ ಅನ್ನುವ ಬಯಲಾಟದಲ್ಲಿ ರಾಜ ಘನವಾಗಿ ಮಾತಾಡಿದ ಕೂಡಲೇ ಸಾರಥಿ ಅದನ್ನೇ ತಿರುಚಿ ನಗಿಸುತ್ತಾನೆ. ತೆಲುಗು ಬುರ್ರಕಥೆಯಲ್ಲಿ ಕಥೆ ಹೇಳುವವರ ಪಕ್ಕ ನಿಂತ ಇಬ್ಬರಲ್ಲಿ ಒಬ್ಬರ ಕೆಲಸವೇ ಹಾಸ್ಯ. ಆ ಕಲೆಯನ್ನು ಕನ್ನಡದಲ್ಲಿ ಬೆಳಗಿದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ 2014ರವರೆಗೂ ಇದ್ದರು. ಕಂಪನಿ ನಾಟಕದಲ್ಲಂತೂ ಗಂಭೀರ ರಂಗಗೀತೆಗೂ ಜೋಕರ್ ಹಾಡಿಗೂ ಅದೇ ಜನ 'ಒನ್ಸ್ ಮೋರ್' ಕೂಗುತ್ತಿದ್ದರು. ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಕರ್ಬಲಾ ಯುದ್ಧದಲ್ಲಿ ಮಡಿದವರ ಶೋಕದ ಪದ ನಡೆಯುವಾಗಲೇ, ಮೈಗೆ ಮಸಿ ಬಳಿದುಕೊಂಡು ವೇಷ ಹಾಕಿದವರು ನಗಿಸುತ್ತಾ ತಿರುಗುತ್ತಾರೆ.

ನಾನು ಹತ್ತಿರದಿಂದ ಕಂಡಿದ್ದು ಕ್ಯಾಸೆಟ್ ಕಾಲ. ಹಳೇ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಸುಮಾರು 3 ನಿಮಿಷ ಹಾಡಿದರೆ ಮುಗೀತು. 1980ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾಯಿತು. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಚೀಟಿಯಲ್ಲಿ ಪದಗಳ ಪಟ್ಟಿ ಬರೆದು ಕೊಟ್ಟರೆ ಸಂಜೆಗೆ ತುಂಬಿಸಿ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ 60 ನಿಮಿಷದ ಒಂದು ಕ್ಯಾಸೆಟ್ ಇತ್ತು. ಒಂದು ಮಗ್ಗುಲು ತತ್ವಪದ, ಇನ್ನೊಂದು ಮಗ್ಗುಲು ಗಂಡ-ಹೆಂಡತಿ ಜಗಳ. ಅಜ್ಜ ತತ್ವಪದ ಹಚ್ಚಿ ಮಲಗುತ್ತಿದ್ದ. ನಾವು ಮೆಲ್ಲಗೆ ತಿರುವಿ ಹಾಕುತ್ತಿದ್ದೆವು. ಬೈಯುತ್ತಾನೆ ಅಂದುಕೊಂಡರೆ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು ನನ್ನ ಕೆಲಸ.

ನನಗನಿಸುವಂತೆ ಒಂದು ಕೊಂಡಿ ಕಳಚಿದ್ದೂ ಆಗಲೇ. ಅದಕ್ಕೂ ಮೊದಲು ಗೌಡರ ಜಿಪುಣತನದ ಮೇಲೆ ಪದ ಕಟ್ಟಿದವನು ಅದನ್ನು ಗೌಡರ ಎದುರೇ ಹಾಡಬೇಕಿತ್ತು. ಅವರು ನಕ್ಕರೆ ಇನ್ನೊಂದು ನುಡಿ (ಚರಣ). ಹುಬ್ಬು ಗಂಟಿಕ್ಕಿದರೆ ಸುಮ್ನೆ ದೇವರ ಪದಕ್ಕೆ ಹೊರಳಿಕೊಳ್ಳುವುದು. ಕ್ಯಾಸೆಟ್‌ಗೆ ಯಾರ ಹುಬ್ಬೂ ಕಾಣುತ್ತಿರಲಿಲ್ಲ.

ಆಮೇಲೆ ಸಿಡಿ, ಮೆಮೊರಿ ಕಾರ್ಡ್, ಯೂಟ್ಯೂಬ್, ಎಲ್ಲ ಬೇಗ ಬೇಗ ಬಂದವು. ಈಗ ಯಾರೋ ಹಾಡಿದ್ದಕ್ಕೆ ಇನ್ಯಾರೋ ಬೀಟ್ ಕೂಡಿಸುತ್ತಾರೆ. ನಡುನಡುವೆ ಡಿಜೆ ಹುಡುಗನ ಹೆಸರು ಮೊಳಗುತ್ತದೆ. ಪದ ಕಟ್ಟಿದವನ ಹೆಸರಿಗೆ ಮಾತ್ರ ಜಾಗ ಇಲ್ಲ. ಹಳೇ ಲಾವಣಿಯ ಕೊನೇ ನುಡಿಯಲ್ಲಿ ಊರು, ಗುರು, ಕವಿ ಎಲ್ಲರ ಹೆಸರೂ ಇರುತ್ತಿತ್ತು, ಅಲ್ವಾ? ಬೈಯಬೇಕೆಂದರೂ ವಿಳಾಸ ಸಿಗುತ್ತಿತ್ತು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಚ್ಚಬಾರದು ಅನ್ನುವ ನಿಯಮ 2000ದಿಂದಲೂ ಇದೆ. ಆದರೆ ಅದು ಸದ್ದಿನ ಮಾತು. ಪದದ ತಕರಾರು ಬೇರೆ.

ಈ ಪದಗಳಲ್ಲಿ ಗೇಲಿಗೆ ಸಿಗುವುದು ಜಾಸ್ತಿ ಹೆಣ್ಮಕ್ಕಳೇ. ತಿರುಗಿ ಹಾಡಲು ಅವರಿಗೆ ಮೈಕು ಸಿಗುವುದಿಲ್ಲ. ಮದುವೆಯಲ್ಲಿ ಬೀಗರನ್ನು ಗೇಲಿ ಮಾಡುವ ಪದ ಒಂದು ಕಾಲಕ್ಕೆ ಪೂರ್ತಿ ಅವರದೇ ಆಗಿತ್ತು. ಹೋದ ವರ್ಷ ಕುಷ್ಟಗಿ ಕಡೆ ಒಂದು ಮದುವೆಯಲ್ಲಿ ಜನರೇಟರ್ ಕೆಟ್ಟು ನಿಂತಿತು. ಆಗ ಹಂದರದೊಳಗಿನ ಬೀಗರ ಪದ ಕೇಳಿಸಿತು. ಬೀಗರು ಎಷ್ಟು ಹೋಳಿಗೆ ಉಂಡರು ಅನ್ನುವ ಲೆಕ್ಕ. ಬೀಗತಿಯೂ ಬಿಡಲಿಲ್ಲ, ಕುಪ್ಪಸದ ತುಂಡು ಎಷ್ಟು ಗಿಡ್ಡ ಅಂತ ತಿರುಗಿ ಪದ ಹಚ್ಚಿದಳು. ಎರಡನೇ ನುಡಿಗೆ ಬರುವಷ್ಟರಲ್ಲಿ ಜನರೇಟರ್ ಸ್ಟಾರ್ಟ್ ಆಯಿತು.