ಪ್ರೆಸ್ಸಿಗೆ ಸರ್ಕಾರಿ ಗ್ಯಾರಂಟಿ ಸಾಲ ಸಿಗುತ್ತಾ?

ಪ್ರಶ್ನೆ: ನಮ್ದು ಪುಸ್ತಕ ಪ್ರಿಂಟ್ ಮಾಡೋ ಚಿಕ್ಕ ಪ್ರೆಸ್ಸು. ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮಷೀನ್ ತಗೋಬೇಕು, ಅಡ ಇಡೋಕೆ ಮನೆ ಸೈಟು ಏನೂ ಇಲ್ಲ. ಸರ್ಕಾರನೇ ಗ್ಯಾರಂಟಿ ಕೊಡುತ್ತೆ ಅಂತಾರಲ್ಲ, ನಿಜಾನಾ?

ನಿಜ. ಆದ್ರೆ ಗ್ಯಾರಂಟಿ ಸಿಗೋದು ಬ್ಯಾಂಕಿಗೆ, ನಿಮಗಲ್ಲ. ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡು ಆಮೇಲೆ ಒದ್ದಾಡ್ತಾರೆ, ಅದಕ್ಕೇ ಮೊದ್ಲೇ ಹೇಳ್ತಿದೀನಿ.

ಕೇಂದ್ರ ಸರ್ಕಾರ ಮತ್ತೆ ಸಿಡ್ಬಿ (ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕು) ಸೇರಿ 2000ದಲ್ಲಿ ಸಿಜಿಟಿಎಂಎಸ್‌ಇ ಅಂತ, ಸಣ್ಣ ಉದ್ಯಮಗಳ ಸಾಲಕ್ಕೆ ಗ್ಯಾರಂಟಿ ಕೊಡೋ ಒಂದು ಟ್ರಸ್ಟ್ ಮಾಡಿದಾರೆ. ಬ್ಯಾಂಕ್ ನಿಮಗೆ ಮನೆ ಸೈಟು ಅಡಮಾನ ಇಲ್ದೆ, ಬೇರೆಯವರ ಜಾಮೀನು ಇಲ್ದೆ ಸಾಲ ಕೊಟ್ರೆ ಅದಕ್ಕೆ ಈ ಟ್ರಸ್ಟ್ ಕವರ್ ಕೊಡುತ್ತೆ, 2025ರ ಏಪ್ರಿಲ್‌ನಿಂದ ಮಿತಿ 10 ಕೋಟಿ ಆಗಿದೆ. ಟ್ರಸ್ಟಿಗೆ ನೀವು ಅರ್ಜಿ ಹಾಕೋ ಹಾಗಿಲ್ಲ, ಬ್ಯಾಂಕೇ ಹಾಕ್ಬೇಕು. ವರ್ಷ ವರ್ಷ ಒಂದು ಶುಲ್ಕ ಇರುತ್ತೆ, ಅದು ಸಾಮಾನ್ಯವಾಗಿ ನಮ್ಮ ತಲೆಗೇ ಬರುತ್ತೆ. ನೀವು ಕಂತು ಕಟ್ಟದೆ ಸಾಲ ಎನ್‌ಪಿಎ (ಕಂತು ನಿಂತುಹೋದ ಸಾಲ) ಆದ್ರೆ ಟ್ರಸ್ಟು ಬ್ಯಾಂಕಿನ ನಷ್ಟದಲ್ಲಿ ದೊಡ್ಡ ಪಾಲು ತುಂಬಿಕೊಡುತ್ತೆ, ಹಾಗಂತ ನಿಮ್ಮ ಬಾಕಿ ಮನ್ನಾ ಆಗಲ್ಲ, ಬ್ಯಾಂಕು ಕೇಸ್ ಹಾಕುತ್ತೆ, ಮಷೀನೂ ಹೈಪಾಥಿಕೇಶನ್‌ನಲ್ಲೇ (ಓಡಿಸೋರು ನೀವು, ಆದ್ರೆ ಆ ಸಾಲಕ್ಕೆ ಮಷೀನೇ ಬ್ಯಾಂಕಿನ ಭದ್ರತೆ) ಇರುತ್ತಲ್ಲ, ಅದನ್ನೂ ಎತ್ಕೊಂಡು ಹೋಗ್ಬಹುದು.

ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ) ಮಾಡಿಸ್ಕೊಳ್ಳಿ, ಪೂರ್ತಿ ಫ್ರೀ, ಯಾರಿಗೂ ದುಡ್ಡು ಕೊಡ್ಬೇಡಿ. ಹಳೇ ಮಷೀನ್ ಆದ್ರೆ ಬೆಲೆ ಎಷ್ಟು, ಇನ್ನೆಷ್ಟು ವರ್ಷ ಓಡುತ್ತೆ ಅಂತ ಚಾರ್ಟರ್ಡ್ ಇಂಜಿನಿಯರ್ ಸರ್ಟಿಫಿಕೇಟ್ ಸಾಮಾನ್ಯವಾಗಿ ಕೇಳ್ತಾರೆ, ಅಡ್ವಾನ್ಸ್ ಕೊಡೋ ಮುಂಚೆನೇ ಅದನ್ನ ಮಾಡಿಸಿ.

ಇನ್ನು ನನಗೆ ತುಂಬಾ ಮುಖ್ಯ ಅನ್ಸೋದು, ಪ್ರೆಸ್ಸಿನವರು ಮಷೀನಿಗೆ ಮಾತ್ರ ಟರ್ಮ್ ಲೋನ್ (ಕಂತಲ್ಲಿ ತೀರಿಸೋ ಸಾಲ) ಕೇಳಿ ಪೇಪರ್ ಮರೀತಾರೆ. ಲೆಕ್ಕ ಹಾಕಿ ನೋಡಿ, ಡೆಮಿ 1/8 (ಸಾಮಾನ್ಯ ಪುಸ್ತಕದ) ಸೈಜು, 200 ಪುಟ, 1000 ಪ್ರತಿ ಅಂದ್ರೆ ಒಂದು ಶೀಟಿಗೆ 16 ಪುಟದ ಹಾಗೆ 12,500 ಶೀಟು, ಅಂದ್ರೆ ರೀಮಿಗೆ 500 ಶೀಟಿನ ಹಾಗೆ 25 ರೀಮು, ವೇಸ್ಟೇಜು, ಕವರ್ ಬೋರ್ಡು, ಪ್ಲೇಟು, ಬೈಂಡಿಂಗು ಬೇರೆ. ಪೇಪರ್ ಅಂಗಡಿಯವರು ತುಂಬಾ ದಿನ ಕಾಯಲ್ಲ, ಪ್ರಕಾಶಕರು ಮಾತ್ರ ಲೈಬ್ರರಿಗೆ ಕೊಟ್ಟ ಪುಸ್ತಕದ ಬಿಲ್ ಆಗ್ಲಿ ಸ್ವಾಮಿ ಅಂತ ತಿಂಗಳುಗಟ್ಟಲೆ ಎಳೀತಾರೆ, ಮಧ್ಯದಲ್ಲಿ ಇಎಂಐ ತಾರೀಕು ಬಂದೇ ಬರುತ್ತೆ. ಅದಕ್ಕೇ ಟರ್ಮ್ ಲೋನ್ ಜೊತೆಗೆ ಕ್ಯಾಶ್ ಕ್ರೆಡಿಟ್ಟೂ (ದಿನದ ವ್ಯವಹಾರಕ್ಕೆ ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟೋ ಸಾಲ) ಕೇಳಿ, ಗ್ಯಾರಂಟಿ ಎರಡಕ್ಕೂ ಸಿಗುತ್ತೆ. ಮಷೀನ್ ಇಳಿದು, ಫಿಟ್ಟಿಂಗ್ ಆಗಿ, ಕೆಲ್ಸ ಶುರುವಾಗೋವರೆಗೂ ಅಸಲಿನ ಕಂತು ಬೇಡ ಅಂತ ಮೊರಟೋರಿಯಂ ಕೂಡ ಬರೆಸ್ಕೊಳ್ಳಿ.

ಬರೀ ಕಟಿಂಗ್ ಮಷೀನೋ ಬೈಂಡಿಂಗ್ ಮಷೀನೋ ಸಾಕು ಅಂದ್ರೆ ಮುದ್ರಾ (ಕೇಂದ್ರ ಸರ್ಕಾರದ ಸಣ್ಣ ಸಾಲದ ಯೋಜನೆ) ನೋಡಿ, ಅದರ ತರುಣ್ ವಿಭಾಗದಲ್ಲಿ 10 ಲಕ್ಷದವರೆಗೂ ಇದೆ.

ಮ್ಯಾನೇಜರ್ ಮನೆ ಪತ್ರ ತನ್ನಿ ಅಂದ್ರೆ "ಸಾರ್, ಸಿಜಿಟಿಎಂಎಸ್‌ಇ ಕವರ್‌ನಲ್ಲಿ ಮಾಡ್ಕೊಡಿ" ಅಂತ ಹೆಸರು ಹಿಡಿದೇ ಕೇಳಿ. ಆಗಲ್ಲ ಅಂದ್ರೆ ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಂಡು, ಯಾಕೆ ಆಗಲ್ಲ ಅಂತ ಬರವಣಿಗೇಲಿ ಕೇಳಿ, ಹಾಗೆ ಕಾರಣ ತಿಳಿಸ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮನೇ ಇದೆ. ಆ ಪತ್ರದಲ್ಲಿರೋ ಕೊರತೆ ಸರಿ ಮಾಡ್ಕೊಂಡು ಇನ್ನೊಂದು ಬ್ಯಾಂಕಿಗೆ ಹೋಗಿ.