ಟೆಹರಾನಿಗೆ ನಮ್ಮ ಲೋಕಸಭೆಯಲ್ಲಿ ಕುರ್ಚಿಯಿಲ್ಲ

ಸಂಸದರಿಗೆ ಪ್ರಶ್ನೆಗಳ ಕರಡು ಬರೆದುಕೊಡುವುದು ನನ್ನ ಕಸುಬು. ದೆಹಲಿ ಬಿಟ್ಟು ಶಿವಮೊಗ್ಗಕ್ಕೆ ಬಂದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಂಘಟನೆಗಳವರು ಕಾಗದ ಹಿಡಿದು ಬರುತ್ತಾರೆ. ಯಾವುದೋ ದೇಶದಲ್ಲಿ ಹೋರಾಟಗಾರ್ತಿಯೊಬ್ಬಳು ಜೈಲಿನಲ್ಲಿದ್ದಾಳೆ, ಪತ್ರಕರ್ತನೊಬ್ಬ ಕಾಣೆಯಾಗಿದ್ದಾನೆ, ಇಲ್ಲವೇ ನಮ್ಮ ಕಡೆಯ ಹುಡುಗನೇ ಅಲ್ಲಿನ ಮೆರವಣಿಗೆಗೆ ಹೋಗಿ ಸಿಕ್ಕಿಬಿದ್ದಿದ್ದಾನೆ. “ಇದನ್ನು ಪಾರ್ಲಿಮೆಂಟಿನಲ್ಲಿ ಎತ್ತಿಸಬೇಕು ಸಾರ್.” ಎತ್ತಿಸೋಣ. ಕಾಳಜಿಗೆ ಕೊರತೆಯಿಲ್ಲ. ಕರಡು ಮಾತ್ರ ಪ್ರತಿ ಸಲವೂ ಒಂದೇ ತಿರುವಿನಲ್ಲಿ ದಾರಿ ತಪ್ಪಿರುತ್ತದೆ.

ಈಚೆಗೆ ಬಂದ ನಿವೃತ್ತ ಮೇಷ್ಟ್ರೊಬ್ಬರ ಕರಡನ್ನೇ ನೋಡಿ. ದುಂಡಗಿನ ಅಕ್ಷರ, ಗೆರೆ ಹಾಕಿದ ಫುಲ್‌ಸ್ಕೇಪ್ ಹಾಳೆ, ಮೂರು ಪುಟ. “ಇರಾನಿನ ಕ್ರೂರ ಆಡಳಿತವು ಮಹಿಳೆಯರ ಮೇಲೆ ಎಸಗುತ್ತಿರುವ ಅಮಾನುಷ ದಬ್ಬಾಳಿಕೆ ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ಖಂಡಿಸುವುದೇ?” ‘ಅಮಾನುಷ’ಕ್ಕೆ ಅಡಿಗೆರೆ ಬೇರೆ. ಲೋಕಸಭೆಯ ನಿಯಮ 41ರ ಪ್ರಕಾರ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ, ವಾದ, ವ್ಯಂಗ್ಯ, ವಿಶೇಷಣಗಳು ಇರುವಂತಿಲ್ಲ, ಅಭಿಪ್ರಾಯ ಕೇಳುವಂತಿಲ್ಲ, ಮಿತ್ರ ರಾಷ್ಟ್ರದ ಬಗ್ಗೆ ಅಗೌರವದ ಮಾತು ಕೂಡದು. ಮೇಷ್ಟ್ರು ಎರಡೇ ಸಾಲಿನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮುರಿದಿದ್ದರು!

ಅದನ್ನೆಲ್ಲ ತಿದ್ದಬಹುದು. ತಿದ್ದಲಾಗದ್ದು ಬೇರೆ ಇದೆ. ಎಷ್ಟು ಹೇಳಿದರೂ ಜನಕ್ಕೆ ಹತ್ತದ ಮಾತು ಅದೊಂದೇ, ಹಾಗಾಗಿ ಇಲ್ಲಿ ಬಿಡಿಸಿ ಹೇಳುತ್ತೇನೆ. ನಮ್ಮ ಸಂಸತ್ತಿನಲ್ಲಿ ಉತ್ತರ ಕೊಡಲು ಎದ್ದು ನಿಲ್ಲುವವರು ನಮ್ಮ ವಿದೇಶಾಂಗ ಸಚಿವರು. ಅವರು ಉತ್ತರದಾಯಿಯಾಗಿರುವುದು ತಮ್ಮ ಸಚಿವಾಲಯ ಮಾಡಿದ್ದಕ್ಕೆ ಮತ್ತು ಮಾಡದೆ ಬಿಟ್ಟಿದ್ದಕ್ಕೆ. ಟೆಹರಾನ್ ಏನು ಮಾಡಿತು, ಕೈರೋ ಏನು ಮಾಡಿತು ಎಂಬುದಕ್ಕಲ್ಲ. “ಅಲ್ಲಿ ದಬ್ಬಾಳಿಕೆ ನಡೆದಿದೆಯೇ” ಎಂದು ಕೇಳಿದರೆ “ಸರ್ಕಾರ ಬೆಳವಣಿಗೆಗಳನ್ನು ಗಮನಿಸುತ್ತಿದೆ” ಎಂಬ ಒಂದು ಸಾಲು ಬರುತ್ತದೆ, ಕಡತ ಮುಚ್ಚುತ್ತದೆ. ತೋಟಕ್ಕೆ ಕೊಳೆರೋಗ ಬಂದಾಗ ಮಳೆಯನ್ನು ಬೈದು ಏನು ಪ್ರಯೋಜನ? ಬೋರ್ಡೋ ದ್ರಾವಣ ಹೊಡೆಯಲು ಒಪ್ಪಿಕೊಂಡವನು ಯಾವತ್ತು ಮರ ಹತ್ತಿದ ಎಂದು ಕೇಳಬೇಕು.

ಹಾಗಾದರೆ ಕೇಳುವುದು ಹೇಗೆ? ಬಂಧಿತ ವ್ಯಕ್ತಿ ಭಾರತದ ಪ್ರಜೆಯಾಗಿದ್ದರೆ: ಬಂಧನದ ಸುದ್ದಿ ನಮ್ಮ ರಾಯಭಾರ ಕಚೇರಿಗೆ ಯಾವ ದಿನ ತಲುಪಿತು? ದೂತಾವಾಸಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಡಿ ನಮ್ಮ ಅಧಿಕಾರಿ ಬಂಧಿತರನ್ನು ಭೇಟಿಯಾಗಲು ಅವಕಾಶ ಕೇಳಿದ್ದು ಯಾವತ್ತು, ಸಿಕ್ಕಿದ್ದು ಯಾವತ್ತು? ವಿಚಾರಣೆಯ ದಿನ ನಮ್ಮ ಅಧಿಕಾರಿ ಕೋರ್ಟಿನಲ್ಲಿದ್ದರೇ? ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ವಕೀಲರ ಖರ್ಚಿಗೆ ಕೊಟ್ಟಿದ್ದು ಎಷ್ಟು? ಇವುಗಳಲ್ಲಿ ಒಂದಕ್ಕೂ ‘ಗಮನಿಸುತ್ತಿದ್ದೇವೆ’ ಉತ್ತರವಾಗುವುದಿಲ್ಲ. ದಿನಾಂಕ ಕೊಡಬೇಕು, ಇಲ್ಲವೇ ಕೊಡಲಿಲ್ಲವೆಂದು ದಾಖಲಾಗಬೇಕು.

ವ್ಯಕ್ತಿ ಆ ದೇಶದವರೇ ಆಗಿದ್ದರೆ ದಾರಿ ಕಿರಿದು, ಆದರೂ ಇದೆ. 2022ರ ನವೆಂಬರ್ 24ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ, ಇರಾನಿನ ಪ್ರತಿಭಟನಾಕಾರರ ಮೇಲಿನ ದಮನದ ತನಿಖೆಗೆ ನಿಯೋಗ ರಚಿಸುವ ನಿರ್ಣಯವನ್ನು ಮತಕ್ಕೆ ಹಾಕಿತು. ಪರ 25, ವಿರುದ್ಧ 6, ತಟಸ್ಥ 16. ಆ 16ರಲ್ಲಿ ಭಾರತವೂ ಒಂದು. ತಟಸ್ಥವಾಗಿದ್ದು ಸರಿಯೋ ತಪ್ಪೋ, ಅದರ ಬಗ್ಗೆ ನಿಮ್ಮ ಜೊತೆ ವಾದಕ್ಕೆ ಇಳಿಯಲಾರೆ. ಆದರೆ ಅದು ನಮ್ಮ ಸರ್ಕಾರದ ಕೈಯಿಂದ ಆದ ಕೆಲಸ. ಕಾರಣ ಕೇಳಿ, ಹಕ್ಕಿದೆ.

ಮೇಷ್ಟ್ರಿಗೆ ಇದು ಸಪ್ಪೆ ಅನಿಸಿತು. “ಲೋಹಿಯಾ ಆಗಿದ್ದರೆ ಗುಡುಗುತ್ತಿದ್ದರು” ಅಂದರು. ಸಾಗರದ ಸಮಾಜವಾದಿಗಳ ಜೊತೆ ಮಾತಿಗೆ ಕೂತರೆ ಅವರ ನಾಯಕ ರಾಮಮನೋಹರ ಲೋಹಿಯಾ ಬರದೆ ಇರುವುದಿಲ್ಲ. ನನಗೂ ಅವರ ಆ ಹಳೇ ಹುಮ್ಮಸ್ಸು ಇಷ್ಟವೇ. 1951ರಲ್ಲಿ ಗೇಣಿ ರೈತರ ಕಾಗೋಡು ಸತ್ಯಾಗ್ರಹಕ್ಕೆ ಬಂದು ನಮ್ಮಲ್ಲೇ ಬಂಧನಕ್ಕೊಳಗಾದವರು, 1964ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಬಿಳಿಯರಿಗೆ ಮಾತ್ರ ಮೀಸಲಾದ ಹೋಟೆಲಿಗೆ ಹೋಗಿ ಅಲ್ಲೂ ಬಂಧನಕ್ಕೊಳಗಾದರು. ಆಗ ಅವರು ಲೋಕಸಭೆಯ ಸದಸ್ಯರು. ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ಆದರೆ ಅದೇ ಲೋಹಿಯಾ 1963ರಲ್ಲಿ ಸದನವನ್ನು ಅಲುಗಾಡಿಸಿದ್ದು ಬರೀ ಗುಡುಗಿನಿಂದಲ್ಲ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಲೆಕ್ಕ ಇಟ್ಟರು. ನೆಹರೂ ಹದಿನೈದಾಣೆ ಎಂದರು. ಚರ್ಚೆ ಕಾವೇರಿದ್ದು ಆ ಅಂಕಿಯ ಮೇಲೆ. ಇಷ್ಟು ಹೇಳಿದ ಮೇಲೆ ಮೇಷ್ಟ್ರು ಪೆನ್ನು ತೆಗೆದು ‘ಅಮಾನುಷ’ವನ್ನು ತಾವೇ ಹೊಡೆದುಹಾಕಿದರು.

ಬ್ರಿಟನ್ನಿನವರು ಇದನ್ನು ಚೆನ್ನಾಗಿ ಮಾಡುತ್ತಾರೆ, ಎಡವಿದ್ದೂ ಉಂಟು. ನಾಜನಿನ್ ಜಘಾರಿ-ರಾಟ್‌ಕ್ಲಿಫ್ ಎಂಬ ಬ್ರಿಟಿಷ್-ಇರಾನಿ ಮಹಿಳೆ, ದತ್ತಿ ಸಂಸ್ಥೆಯೊಂದರ ಉದ್ಯೋಗಿ. 2016ರ ಏಪ್ರಿಲ್‌ನಲ್ಲಿ ಟೆಹರಾನ್ ವಿಮಾನ ನಿಲ್ದಾಣದಲ್ಲಿ ಸೆರೆಯಾದರು. ತಾನು ಹೋಗಿದ್ದು ಮಗಳನ್ನು ಕರೆದುಕೊಂಡು ತವರಿಗೆ ಎಂದರು. 2017ರ ನವೆಂಬರ್ 1ರಂದು ಸಂಸತ್ತಿನ ವಿದೇಶಾಂಗ ಸಮಿತಿಯ ಮುಂದೆ ಆಗಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್, ಆಕೆ ಅಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದರು ಎಂದುಬಿಟ್ಟರು. ಅದು ನಿಜವಲ್ಲ. ಮೂರೇ ದಿನದಲ್ಲಿ ಆಕೆಯನ್ನು ಕೋರ್ಟಿಗೆ ಎಳೆದು ಆ ಮಾತನ್ನೇ ಸಾಕ್ಷ್ಯವಾಗಿ ಮುಂದಿಟ್ಟರು. ಬಿಡುಗಡೆಯಾಗಿದ್ದು 2022ರ ಮಾರ್ಚ್‌ನಲ್ಲಿ, ಷಾ ದೊರೆಯ ಕಾಲದಲ್ಲಿ ಇರಾನ್ ಟ್ಯಾಂಕಿಗೆಂದು ಕೊಟ್ಟಿದ್ದ ಹಣದ ಹಳೇ ಬಾಕಿ ಸುಮಾರು 40 ಕೋಟಿ ಪೌಂಡನ್ನು ಬ್ರಿಟನ್ ಚುಕ್ತಾ ಮಾಡಿದ ಹೊತ್ತಿಗೆ. ಮರುವರ್ಷ ಅದೇ ಸಮಿತಿ ಇಂಥ ಒತ್ತೆಯಾಳು ಪ್ರಕರಣಗಳ ಬಗ್ಗೆ ವರದಿ ಕೊಟ್ಟಿತು. ಇರಾನನ್ನು ಬೈದು ಕೈ ತೊಳೆದುಕೊಳ್ಳಲಿಲ್ಲ. ತಮ್ಮದೇ ವಿದೇಶಾಂಗ ಕಚೇರಿ ಮನೆಯವರನ್ನು ಹೇಗೆ ನಡೆಸಿಕೊಂಡಿತು, ಎಲ್ಲಿ ತಡಮಾಡಿತು ಎಂದು ಕೆದಕಿತು.

ಅದಕ್ಕೇ ನನ್ನದೊಂದು ಎಚ್ಚರಿಕೆ: ಮನೆಯವರ ಒಪ್ಪಿಗೆ ಇಲ್ಲದೆ ಬಂಧಿತರ ಹೆಸರನ್ನು ಪ್ರಶ್ನೆಯಲ್ಲಿ ಹಾಕಬೇಡಿ. ಕೆಲವರಿಗೆ ಹೆಸರೇ ರಕ್ಷಣೆ, ಕೆಲವರಿಗೆ ಹೆಸರೇ ಕುತ್ತು. ಯಾವುದು ಯಾವಾಗ ಎಂದು ಶಿವಮೊಗ್ಗದಲ್ಲಿ ಕೂತು ನಾನು ಹೇಳಲಾರೆ. ಅಲ್ಲಿನ ವಕೀಲರನ್ನು ಕೇಳಿ.

ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ವಿಷಯವನ್ನೂ ಹೇಳಿಬಿಡುತ್ತೇನೆ. “ಮಗಳ ಹತ್ತಿರ ಭಾರತದ ಕಾರ್ಡ್ ಇದೆ” ಎಂದು ಧೈರ್ಯವಾಗಿರುವ ತಂದೆತಾಯಿ ಮಲೆನಾಡಿನಲ್ಲಿ ಕಡಿಮೆಯೇನಿಲ್ಲ. ಆ ಕಾರ್ಡ್ ಪೌರತ್ವ ಅಲ್ಲ. ಆಕೆ ಕಾನೂನಿನ ಕಣ್ಣಿಗೆ ವಿದೇಶಿ ಪ್ರಜೆ, ಭೇಟಿಯ ಹಕ್ಕು ಕೇಳಬೇಕಾದದ್ದು ಆಕೆಯ ಪಾಸ್‌ಪೋರ್ಟ್ ಕೊಟ್ಟ ದೇಶ. ನಮ್ಮ ಕಚೇರಿ ನೆರವಾಗಬಹುದು, ಒತ್ತಾಯಿಸುವ ಆಧಾರವಿಲ್ಲ.

ಇನ್ನು ಎಲ್ಲರಿಗೂ ಚುಕ್ಕೆ ಗುರುತಿನ ಪ್ರಶ್ನೆಯೇ ಬೇಕು, ಅಂದರೆ ಸಚಿವರು ಸದನದಲ್ಲಿ ಎದ್ದು ಉತ್ತರಿಸಬೇಕಾದದ್ದು, ಟಿವಿಯಲ್ಲಿ ಕಾಣಬೇಕಲ್ಲ. ಲೋಕಸಭೆಯಲ್ಲಿ ದಿನಕ್ಕೆ ಅಂಥವು 20, ಬಾಯಲ್ಲಿ ಉತ್ತರ ಸಿಗುವುದು ಬೆರಳೆಣಿಕೆಯಷ್ಟಕ್ಕೆ. ಚುಕ್ಕೆ ಗುರುತಿಲ್ಲದವು 230, ಉತ್ತರ ಲಿಖಿತ. ನಮ್ಮ ಕೆಲಸಕ್ಕೆ ಅದೇ ಮೇಲು. ಹದಿನೈದು ಪೂರ್ಣ ದಿನ ಮೊದಲು ನೋಟಿಸ್ ಕೊಡಬೇಕಾದ್ದರಿಂದ ಅಧಿವೇಶನ ಶುರುವಾದ ಮೇಲೆ ಓಡಿಬರಬೇಡಿ. ನಿಮ್ಮ ಕ್ಷೇತ್ರದ ಸಂಸದರೇ ಕೇಳಬೇಕೆಂದೂ ಇಲ್ಲ. ಕೊಪ್ಪ, ಶೃಂಗೇರಿಯವರು ಉಡುಪಿ ಚಿಕ್ಕಮಗಳೂರು ಕ್ಷೇತ್ರದವರು ಎಂದು ಶಿವಮೊಗ್ಗದಿಂದ ವಾಪಸ್ ಹೋಗುವುದನ್ನು ಕಂಡಿದ್ದೇನೆ. ಯಾವ ಸಂಸದರಾದರೂ ಸರಿ, ರಾಜ್ಯಸಭೆಯವರಾದರೂ ಸರಿ.

ಉತ್ತರದಲ್ಲಿ “ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು” ಎಂದಿದ್ದರೆ ಬೇಸರ ಪಡಬೇಡಿ. ಅದು ಭರವಸೆಯ ಲೆಕ್ಕಕ್ಕೆ ಸೇರುತ್ತದೆ, ಮೂರು ತಿಂಗಳೊಳಗೆ ಈಡೇರಿಸಬೇಕು. ತಪ್ಪಿದರೆ ಬೆನ್ನು ಹತ್ತಲು ಹದಿನೈದು ಸದಸ್ಯರ ಸರ್ಕಾರಿ ಭರವಸೆಗಳ ಸಮಿತಿ ಇದೆ. ಆದರೆ ಮಳೆಗಾಲದ ಅಧಿವೇಶನದ ಭರವಸೆಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಇಲ್ಲಿ ಅಡಿಕೆ ಕೊಯ್ಲು ಶುರುವಾಗಿರುತ್ತದೆ, ಆ ಸಮಿತಿಗೆ ಕಾಗದ ಬರೆಸಲು ಯಾರೂ ಬರುವುದಿಲ್ಲ.